ಅತ್ತೆಯ ಏಳು ಸೂಜಿ

"ಅತ್ತೆ, ಕೈ ತೋರ್ಸು!"

ಸೌಜನ್ಯ ಅತ್ತೆ ಎಡಗೈ ತೋರಿಸಿದಳು.

"ಅದಲ್ಲ, ಬಲಗೈ!"

ಅತ್ತೆ ಬಲಗೈಯನ್ನೂ ಚಾಚಿದಳು. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಸುತ್ತಿದ್ದ ಕಪ್ಪು ಬೆಲ್ಟು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆದರೆ ಮುಖದಲ್ಲಿ ಬೆಲ್ಲದ ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದವರ ನಗು ಇತ್ತು. ಲಾವಣ್ಯ ಅಷ್ಟಕ್ಕೇ ಬಿಡುವ ಹುಡುಗಿಯೇ? ಅತ್ತೆಯ ಸುತ್ತ ಒಂದು ಸುತ್ತು ಬಂದಳು. ತುರುಬಿನಲ್ಲಿ ಏನೋ ಮಿಣಕ್ ಎಂದಿತು.

"ಸೂಜಿ! ತುರುಬಲ್ಲಿ ಬಚ್ಚಿಟ್ಕೊಂಡಿದೀಯ!"

"ಶ್! ಮೆಲ್ಲಗೆ ಕಣೇ. ಅಮ್ಮಂಗೆ ಕೇಳ್ಸುತ್ತೆ."

"ಕೇಳ್ಸಲಿ!" ಎಂದಳು ಲಾವಣ್ಯ. ಆದರೆ ಅವಳ ದನಿಯೂ ತಗ್ಗಿತು. ಅಜ್ಜಿಗೆ ಕೇಳಿಸಿದರೆ ನಷ್ಟ ಅತ್ತೆಗಲ್ಲ, ಲಾವಣ್ಯಳಿಗೆ.

ಅತ್ತೆ ಕೂತಿದ್ದ ಚಾಪೆಯ ಕೆಳಗಿನಿಂದ ಅಂಗೈ ಅಗಲದ ಒಂದು ಬಿಳಿ ಬಟ್ಟೆ ಚೂರೂ ಹೊರಗೆ ಬಂತು. ಅದರ ಮೇಲೆ ಕೆಂಪು ದಾರದ ನಾಲ್ಕೇ ನಾಲ್ಕು ಹೊಲಿಗೆ. ಅವೂ ಸೊಟ್ಟಪಟ್ಟ. ಅತ್ತೆಯ ಹೊಲಿಗೆ ಎಂದರೆ ಸ್ಕೇಲ್ ಇಟ್ಟು ಗೆರೆ ಹೊಡೆದ ಹಾಗಿರುತ್ತದೆ ಎಂದು ಊರಿಗೆಲ್ಲ ಗೊತ್ತು. ಕದ್ದು ಮುಚ್ಚಿ ಅವಸರದಲ್ಲಿ ಹೊಲಿದರೆ ಇನ್ನೇನಾಗುತ್ತೆ ಎಂದು ಲಾವಣ್ಯ ಒಳಗೊಳಗೇ ಬೈದುಕೊಂಡಳು.

"ಡಾಕ್ಟ್ರು ಏನಂದಿದ್ರು? ಹೇಳು."

"ಹದಿನೈದು ದಿನ ಸೂಜಿ ಮುಟ್ಬಾರ್ದು. ಕತ್ರಿ ಹಿಡೀಬಾರ್ದು. ಬಟ್ಟೆ ಹಿಂಡ್ಬಾರ್ದು. ಹಳ್ಳಿಗೆ ಹೋಗಿ ಆರಾಮಾಗಿರ್ಬೇಕು," ಎಂದು ಅತ್ತೆ ಮಗ್ಗಿ ಒಪ್ಪಿಸುವ ಹಾಗೆ ಹೇಳಿದಳು.

"ಮತ್ತೆ?"

"ಆರಾಮಾಗೇ ಇದೀನಲ್ಲ!"

ಲಾವಣ್ಯ ಹಣೆ ಚಚ್ಚಿಕೊಂಡಳು. ಸೂಜಿಯನ್ನು ಬಟ್ಟೆ ಚೂರಿಗೇ ಚುಚ್ಚಿ, ಮಂಚದ ಕೆಳಗಿದ್ದ ಬಿಸ್ಕೆಟ್ ಡಬ್ಬಿಯೊಳಗೆ ಹಾಕಿ ಮುಚ್ಚಿದಳು. ಅದು ಆರನೇ ಸೂಜಿ.

ಸೌಜನ್ಯ ಅತ್ತೆ ಅಪ್ಪನ ತಂಗಿ. ಬೆಂಗಳೂರಿನಲ್ಲಿ ಬಟ್ಟೆ ಚೂರುಗಳನ್ನು ಜೋಡಿಸಿ ಕೌದಿ, ಚೀಲ, ಗೋಡೆಗೆ ಹಾಕುವ ಚಿತ್ರ ಎಲ್ಲ ಹೊಲಿಯುತ್ತಾಳೆ. ಬೆಳಗಿನಿಂದ ಸಂಜೆವರೆಗೆ ಹೊಲಿದೂ ಹೊಲಿದೂ ಅವಳ ಹೆಬ್ಬೆರಳ ನರ ಊದಿಕೊಂಡಿತ್ತು. ಶಾಲೆಗೆ ಬೇಸಿಗೆ ರಜ ಕೊಟ್ಟ ದಿನವೇ ಅವಳೂ ಒಂದು ದೊಡ್ಡ ಚೀಲ ಹೊತ್ತುಕೊಂಡು ತವರೂರು ಕಳವಾರಕ್ಕೆ ಬಂದಿಳಿದಳು.

ಅವತ್ತೇ ಅಜ್ಜಿ ಲಾವಣ್ಯಳನ್ನು ಕರೆದು ಕೆಲಸ ಹಚ್ಚಿದ್ದರು.

"ನೋಡಮ್ಮ, ನಿಮ್ಮತ್ತೆ ಸೂಜಿ ಮುಟ್ಟದ ಹಾಗೆ ನೀನು ಕಾಯ್ಬೇಕು. ಅವ್ಳು ಎಲ್ಲಿಗೆ ಹೋದ್ರೂ ಹಿಂದೇನೇ ಹೋಗ್ಬೇಕು. ಸರಿಯಾಗಿ ಕಾದ್ರೆ, ಹುಳ ಹಣ್ಣಾದ ದಿನ ನಿನಗೊಂದು ಚಂದ್ರಿಕೆ ಕೊಡ್ತೀನಿ. ಸೂಜಿ ಏನಾದ್ರೂ ನನ್ನ ಕಣ್ಣಿಗೆ ಬಿತ್ತೋ, ಹುಳದ ಮನೆ ಹೊಸ್ಲು ನೀನು ದಾಟಂಗಿಲ್ಲ."

ಲಾವಣ್ಯಳ ಮನೆಯ ಹಿಂದೆಯೇ ರೇಷ್ಮೆ ಹುಳದ ಮನೆ. ಹಿಪ್ಪುನೇರಳೆ ಸೊಪ್ಪು ತಿಂದು ತಿಂದು ಬೆಳೆದ ಹುಳುಗಳು ಒಂದು ದಿನ ಇದ್ದಕ್ಕಿದ್ದ ಹಾಗೆ ತಿನ್ನುವುದನ್ನು ನಿಲ್ಲಿಸುತ್ತವೆ. ಹುಳ ಹಣ್ಣಾಯಿತು ಎನ್ನುವುದು ಆಗಲೇ. ಅಂಥ ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ಚಾಪೆ. ಅದರ ಮೇಲೆ ಬಿದಿರ ಪಟ್ಟಿಯನ್ನು ಜಿಲೇಬಿಯ ಹಾಗೆ ಸುತ್ತಿ ಕಟ್ಟಿರುತ್ತಾರೆ. ಆ ಸುತ್ತುಗಳ ನಡುವೆ ಕೂತು ಹುಳುಗಳು ಗೂಡು ಕಟ್ಟುತ್ತವೆ.

ಹೋದ ಬೆಳೆಯಲ್ಲಿ ಲಾವಣ್ಯ ದಪ್ಪ ದಪ್ಪ ಹುಳುಗಳನ್ನೆಲ್ಲ ಆರಿಸಿ ಎರಡು ಚಂದ್ರಿಕೆ ತುಂಬಿಸಿದ್ದಳು. ದಪ್ಪಗಿದ್ದರೆ ಹಣ್ಣಾದ ಹಾಗೆ ಅಲ್ಲವೇ ಎಂದು ಅವಳ ಲೆಕ್ಕ. ಅವೆಲ್ಲ ಹಸಿ ಹುಳುಗಳು. ಗೂಡು ಕಟ್ಟುವುದು ಬಿಟ್ಟು, ಸೊಪ್ಪು ಹುಡುಕುತ್ತಾ ಚಂದ್ರಿಕೆ ತುಂಬಾ ಅಲೆದಾಡಿ, ಅಲ್ಲಲ್ಲೇ ಗಲೀಜು ಮಾಡಿ, ಪಕ್ಕದ ಒಳ್ಳೆಯ ಗೂಡುಗಳನ್ನೂ ಕೆಡಿಸಿದವು. "ಇನ್ನೂ ಊಟ ಕೇಳ್ತಿರೋ ಹುಳನ ಗೂಡಿಗೆ ಕಳ್ಸಿದ್ಯಲ್ಲೇ!" ಎಂದು ಅಜ್ಜಿ ಬೈದಿದ್ದರು. ಹುಳ ಆರಿಸಲು ಬರುತ್ತಿದ್ದ ಪಕ್ಕದ ಮನೆಯ ಚಿರಂಜೀವಿ ಅವತ್ತಿನಿಂದ ಅವಳನ್ನು 'ಹಸಿ ಹುಳ' ಎಂದೇ ಕರೆಯುತ್ತಿದ್ದ. ಸ್ಕೂಲ್‌ನಲ್ಲೂ ಹಾಗೇ ಕರೆದ. ಪ್ರೇಯರ್ ಲೈನಲ್ಲೂ ಕರೆದ!

ಈ ಸಲ ಒಂದೇ ಒಂದು ಚಂದ್ರಿಕೆಯನ್ನು ಸರಿಯಾಗಿ ತುಂಬಿಸಿ ಅವನ ಬಾಯಿ ಮುಚ್ಚಿಸಬೇಕು. ಲಾವಣ್ಯಳಿಗೆ ಬೇಕಾಗಿದ್ದುದು ಅಷ್ಟೇ. ಅದಕ್ಕಾಗಿ ಹತ್ತು ದಿನದಿಂದ ಅತ್ತೆಯ ಬಾಲ ಹಿಡಿದು ಅಲೆಯುತ್ತಿದ್ದಳು.

ಅತ್ತೆ ಮನೆಯಲ್ಲಿ ಕೂತು ರೆಸ್ಟ್ ತಗೊಂಡಿದ್ದರೆ ಅಲೆಯುವ ಮಾತೇ ಇರುತ್ತಿರಲಿಲ್ಲ. ಕೈಗೆ ಕೆಲಸ ಬೇಡ ಎಂದರೆ ಕಾಲಿಗೆ ಕೆಲಸ ಕೊಡುವ ಹೆಂಗಸು ಅವಳು. ಒಂದು ದಿನ ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್‌ಗೆ ಹೋಗಿ, ಎಸೆದಿದ್ದ ಚೆಂಡು ಹೂವನ್ನು ಎರಡು ಚೀಲ ತುಂಬಿಸಿಕೊಂಡು ಬಂದಳು. ಇನ್ನೊಂದು ದಿನ ಹೋಟೆಲಿನವರನ್ನು ಕೇಳಿ ಈರುಳ್ಳಿ ಸಿಪ್ಪೆ ತಂದಳು. "ಬಟ್ಟೆಗೆ ಬಣ್ಣ ಕಟ್ಟೋಕೆ ಬರುತ್ತೆ ಕಣೇ!" ಮತ್ತೊಂದು ದಿನ ಬಸ್ಸು ಹತ್ತಿ ಮಂಚೇನಹಳ್ಳಿಗೆ ಹೋಗಿ, ಯಾರದೋ ಮನೆಯ ಹಳೇ ಬಾಗಿಲ ಮುಂದೆ ಮುಕ್ಕಾಲು ಗಂಟೆ ನಿಂತಳು. ಬಾಗಿಲು ನೋಡೋಕೆ! ಆ ಮನೆಯವರು ಪಾಪ, ಕೋರ್ಟಿನವರು ಬಂದರೇನೋ ಎಂದು ಹೆದರಿಕೊಂಡು ಕಾಫಿ ಕೊಟ್ಟರು.

ಚೀಲ ಹೊರುವವಳು ಯಾರು? ಲಾವಣ್ಯ. ಬಿಸಿಲಲ್ಲಿ ಕಾಯುವವಳು? ಲಾವಣ್ಯ. ಈರುಳ್ಳಿ ಸಿಪ್ಪೆ ವಾಸನೆಗೆ ಅಜ್ಜಿಯಿಂದ ಬೈಸಿಕೊಂಡವಳೂ ಲಾವಣ್ಯಳೇ. ಊರ ಮಕ್ಕಳೆಲ್ಲ ಸೈಕಲ್ ಹೊಡೆಯುತ್ತಿದ್ದರೆ ಇವಳು ಎಸೆದ ಹೂವು ಆಯುತ್ತಿದ್ದಳು. ಇದು ಯಾರ ರಜ, ನೀವೇ ಹೇಳಿ!

ಹನ್ನೊಂದನೇ ದಿನ ಬೆಳಿಗ್ಗೆ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು.

"ನಂದಿಗೆ ಹೋಗಣ ಬಾ. ದೇವಸ್ಥಾನದ ಕಂಬ ನೋಡಿ ಬರಣ."

"ಬೇಡ ಅತ್ತೆ! ನಾಳೆ ಹುಳ ಹಣ್ಣಾಗುತ್ತೆ ಅಂತ ಅಜ್ಜಿ ಅಂದಿದಾರೆ."

"ನಾಳೆ ತಾನೆ? ಇವತ್ತಲ್ಲವಲ್ಲ!"

ಲಾವಣ್ಯ ಅಮ್ಮನ ಕಡೆ ನೋಡಿದಳು. ಸೊಪ್ಪಿನ ಹೊರೆ ಇಳಿಸುತ್ತಿದ್ದ ಅಮ್ಮ, "ಹೋಗ್ಬಿಟ್ಟು ಬಾಮ್ಮ. ಒಬ್ಳನ್ನೇ ಬಿಟ್ರೆ ಬಸ್ಸಲ್ಲೇ ಹೊಲ್ಯೋಕೆ ಕೂರ್ತಾಳೆ," ಎಂದಳು. ಲಾವಣ್ಯ ಕಾಲು ನೆಲಕ್ಕೆ ಅಪ್ಪಳಿಸುತ್ತಾ ಹೊರಟಳು.

ನಂದಿಯ ಹಳೇ ದೇವಸ್ಥಾನದಲ್ಲಿ ಅತ್ತೆ ಒಂದು ಕಂಬದ ಮುಂದೆ ನಿಂತವಳು ಕದಲಲಿಲ್ಲ. ಕಂಬದ ತುಂಬ ಬಳ್ಳಿ, ಎಲೆ, ಗಿಳಿ ಕೆತ್ತಿದ್ದರು.

"ಲಾವಿ, ಈ ಕಲ್ಲಲ್ಲಿ ಎಷ್ಟು ಬಣ್ಣ ಇದೆ ಹೇಳು."

"ಒಂದು."

"ಯಾವುದು?"

"ಕಲ್ಲು ಬಣ್ಣ."

ಅತ್ತೆ ನಕ್ಕಳು. "ನೆರಳು ಬಿದ್ದಿರೋ ಕಡೆ ನೋಡು. ಎಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿರೋ ಕಡೆ ನೋಡು. ಬಿಸ್ಲು ಬಿದ್ದ ಕಡೆ ಇನ್ನೊಂಥರ ಇಲ್ವಾ?"

"ಅತ್ತೆ, ನೀರು ಕುಡ್ಕೊಂಡು ಬರ್ತೀನಿ," ಎಂದು ಲಾವಣ್ಯ ಹೊರಟೇಬಿಟ್ಟಳು. ಕಲ್ಲಿಗೆ ಬಣ್ಣ ಹುಡುಕುವವರ ಹತ್ತಿರ ಏನು ಮಾತು?

ನೀರು ಕುಡಿದು ಬರುವಷ್ಟರಲ್ಲಿ ಅತ್ತೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತಿದ್ದಳು. ಬೆನ್ನು ಈ ಕಡೆಗಿತ್ತು. ತಲೆ ಬಗ್ಗಿತ್ತು. ಬಲ ಮೊಣಕೈ ಮೆಲ್ಲಗೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು.

"ಅತ್ತೇ!"

ಅತ್ತೆ ಬೆಚ್ಚಿಬಿದ್ದಳು. ಲಾವಣ್ಯ ಮೆಟ್ಟಿಲು ಹಾರಿ ಹಾರಿ ಇಳಿದು ಸೂಜಿ, ಬಟ್ಟೆ ಎರಡನ್ನೂ ಕಿತ್ತುಕೊಂಡಳು. ಏಳನೆಯದು! ನಾಯಿ ಬಾಲ ಡೊಂಕು ಎಂದು ಸುಮ್ಮನೆ ಹೇಳುತ್ತಾರೆಯೇ? ಬಟ್ಟೆ ಚೂರನ್ನು ಜೇಬಿಗೆ ತುರುಕಿ, ಸೂಜಿಯನ್ನು ಫ್ರಾಕಿನ ಕಾಲರಿಗೆ ಚುಚ್ಚಿಕೊಂಡಳು.

"ನಿನ್ನಿಂದ ನನ್ನ ಚಂದ್ರಿಕೆ ಹೋಗುತ್ತೆ. ಗೊತ್ತಾ ನಿಂಗೆ? ಒಂದು ದಿನ, ಒಂದೇ ಒಂದು ದಿನ ಸುಮ್ನಿರೋಕೆ ಆಗಲ್ವಾ?"

ಅತ್ತೆ ಬೆಲ್ಟನ್ನು ಬಿಗಿ ಮಾಡಿಕೊಂಡು ಎದ್ದಳು.

ವಾಪಸ್ ಬರುವ ದಾರಿಯಲ್ಲಾದರೂ ಸೀದಾ ಬಂದಳೇ? ಇಲ್ಲ. ಬಸ್ ಸ್ಟಾಪಿನ ಹತ್ತಿರವೇ ಅಪ್ಪನಿಗೆ ಗೊತ್ತಿದ್ದ ಕೋನಪ್ಪನ ದ್ರಾಕ್ಷಿ ತೋಟವಿತ್ತು. ಕೋನಪ್ಪ, "ಏನಮ್ಮ ಸೌಜನ್ಯ, ಯಾವಾಗ ಬಂದೆ? ಬನ್ನಿ ಬನ್ನಿ, ಹಣ್ಣು ತಿನ್ನಿ," ಎಂದು ಕರೆದು ಒಂದು ಹಸಿರು ಗೊಂಚಲು ಕೊಯ್ದು ಕೊಟ್ಟ. ಲಾವಣ್ಯಳಿಗೆ ಬಾಯಲ್ಲಿ ನೀರೂರಿತು. ಅತ್ತೆ ಮಾತ್ರ ಗೊಂಚಲಿನಿಂದ ಎರಡು ದ್ರಾಕ್ಷಿ ಕಿತ್ತು, ತಿನ್ನದೆ, ಎಡಗೈಯಲ್ಲಿ ಹಿಡಿದುಕೊಂಡು ನಿಂತಳು.

"ಇದ್ರಲ್ಲಿ ಯಾವುದು ಹಣ್ಣು, ಯಾವುದು ಕಾಯಿ?"

"ತಿಂದು ಹೇಳ್ತೀನಿ ಕೊಡು."

"ತಿನ್ನದೇ ಹೇಳ್ಬೇಕು. ಎರಡೂ ಒಂದೇ ಗಾತ್ರ. ಬೆಳಕಿಗೆ ಹಿಡಿ ನೋಡಣ. ಕಾಯಿ ಇದ್ರೆ ಬೆಳಕನ್ನ ಒಳಗೆ ಬಿಡಲ್ಲ. ಹಣ್ಣಿನೊಳ್ಗೆ ಬೆಳಕು ಹೋಗಿ ಕೂತ್ಕೊಳುತ್ತೆ."

ಲಾವಣ್ಯ ಕಾಟಾಚಾರಕ್ಕೆ ಎರಡನ್ನೂ ಸೂರ್ಯನಿಗೆ ಹಿಡಿದು ನೋಡಿದಳು. ಒಂದು ಮಂಕಾಗಿತ್ತು. ಇನ್ನೊಂದರೊಳಗೆ ಜೇನಿನ ಬಣ್ಣ ತುಂಬಿಕೊಂಡಿತ್ತು. "ಹೂಂ, ಕಾಣ್ತು. ಇನ್ನ ಹೋಗಣ್ವಾ?" ಎಂದು ಎರಡನ್ನೂ ಬಾಯಿಗೆ ಹಾಕಿಕೊಂಡಳು. ಆಗಲೇ ಅತ್ತೆಯ ಫೋನು ಹೊಡೆದುಕೊಂಡಿತು.

ಫೋನ್ ಮಾಡಿದವರು ಅಪ್ಪ. ಅಪ್ಪನ ದನಿ ಲಾವಣ್ಯಳಿಗೂ ಕೇಳಿಸುವಷ್ಟು ಜೋರಾಗಿತ್ತು. "ಸೌಜಿ, ಹುಳ ಇವತ್ತೇ ಹಣ್ಣಾಗೋಯ್ತು! ಬಿಸ್ಲು ಜಾಸ್ತಿ ಅಲ್ವಾ! ಅಮ್ಮ ಕೂಗಾಡ್ತಿದಾರೆ. ಬೇಗ ಬನ್ನಿ!"

ಲಾವಣ್ಯಳಿಗೆ ಅಳು ಬಂದುಬಿಟ್ಟಿತು. "ನಾನು ಬೇಡ ಅಂತ ಬೆಳಿಗ್ಗೆನೇ ಬಡ್ಕೊಂಡೆ! ಕಂಬ ನೋಡು, ಕಲ್ಲು ನೋಡು, ದ್ರಾಕ್ಷಿ ನೋಡು! ಈಗ ಚಿರಂಜೀವಿ ನನ್ನ ಚಂದ್ರಿಕೆನೂ ತುಂಬಿಸ್ಬಿಡ್ತಾನೆ!"

ಬಸ್ಸು ಅವತ್ತೇ ತಡವಾಗಿ ಬರಬೇಕೇ? ಬಂದ ಮೇಲೂ ಚಿಕ್ಕಬಳ್ಳಾಪುರದಲ್ಲಿ ಇಳಿದು ಇನ್ನೊಂದು ಹಿಡಿಯಬೇಕು. ಆ ಡ್ರೈವರ್ ಟೀ ಕುಡಿಯಲು ಹೋಗಿದ್ದ. ಲಾವಣ್ಯ ದಾರಿಯುದ್ದಕ್ಕೂ ಅತ್ತೆಯ ಜೊತೆ ಟೂ ಬಿಟ್ಟು ಕಿಟಕಿಯಾಚೆ ನೋಡುತ್ತಾ ಕೂತಳು. ಅತ್ತೆ ಎರಡು ಸಲ, "ಸಾರಿ ಕಣಮ್ಮ," ಎಂದಳು. ಇವಳು ತಿರುಗಿಯೂ ನೋಡಲಿಲ್ಲ.

ಮನೆ ತಲುಪಿದಾಗ ಅಜ್ಜಿ ಹುಳದ ಮನೆಯ ಬಾಗಿಲಲ್ಲೇ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

"ಬಂದ್ರಾ ಮಹಾರಾಣೀರು? ಊರೆಲ್ಲ ಸುತ್ತಿ ಆಯ್ತಾ?"

"ಅಜ್ಜಿ, ನನ್ನ ಚಂದ್ರಿಕೆ..."

ಅಜ್ಜಿಯ ಕಣ್ಣು ಲಾವಣ್ಯಳ ಕಾಲರಿನ ಮೇಲೆ ನಿಂತಿತು. ಕೈ ನೀಡಿ ಸೂಜಿಯನ್ನು ಎಳೆದು ತೆಗೆದರು. ಕೆಂಪು ದಾರ ನೇತಾಡುತ್ತಿತ್ತು.

"ಇದೇನೇ?"

ಹತ್ತು ದಿನ ಬಚ್ಚಿಟ್ಟ ಗುಟ್ಟನ್ನು ಲಾವಣ್ಯಳೇ ಕತ್ತಿಗೆ ಸಿಕ್ಕಿಸಿಕೊಂಡು ಊರೆಲ್ಲ ತಿರುಗಿದ್ದಳು! ಇನ್ನು ಸುಳ್ಳು ಹೇಳಿ ಏನು ಬಂತು? ಓಡಿಹೋಗಿ ಮಂಚದ ಕೆಳಗಿಂದ ಬಿಸ್ಕೆಟ್ ಡಬ್ಬಿ ತಂದು ಅಜ್ಜಿಯ ಮುಂದೆ ತೆರೆದಿಟ್ಟಳು.

"ನಾನು ಕಾದೆ ಅಜ್ಜಿ. ದೇವ್ರಾಣೆಗೂ ಕಾದೆ. ಸಿಕ್ಕಾಗೆಲ್ಲ ಕಿತ್ಕೊಂಡೆ. ಇವಳು ಮತ್ತೆ ಮತ್ತೆ ತೆಗೀತಾಳೆ. ನಾನೇನ್ ಮಾಡ್ಲಿ?" ಎನ್ನುತ್ತಾ ಅವಳು ಅತ್ತೇಬಿಟ್ಟಳು.

ಅಜ್ಜಿ ಎಣಿಸಿದರು. "ಏಳು ಸಲ! ಲೇ ಸೌಜಿ, ಏಳು ಸಲ ಮುಟ್ಟಿದೀಯೇನೇ? ಕೈ ಬೇಡ್ವಾ ನಿಂಗೆ? ಮಗು ಮುಂದೆ ನಾಚ್ಕೆ ಆಗಲ್ವಾ? ಚಾಲು ಚಾಲು, ನಿನ್ನ ರೆಸ್ಟು!" ಕೋಪ ನೆತ್ತಿಗೇರಿದರೆ ಅಜ್ಜಿಯ ಬಾಯಲ್ಲಿ 'ಸಾಕು' ಹೋಗಿ ತೆಲುಗಿನ 'ಚಾಲು' ಬರುತ್ತದೆ.

ಅತ್ತೆ ತಲೆ ತಗ್ಗಿಸಿಕೊಂಡೇ ಹೇಳಿದಳು. "ಲಾವಿದೇನೂ ತಪ್ಪಿಲ್ಲಮ್ಮ. ನಾನು ಹೊಲ್ಯೋಕೆ ಅಂತ ತೆಗೀತಿರ್ಲಿಲ್ಲ."

"ಮತ್ತೆ ಇನ್ಯಾಕೆ? ಪೂಜೆ ಮಾಡೋಕಾ?"

"ಕೈ ಬರುತ್ತೋ ಇಲ್ವೋ ನೋಡೋಕೆ."

ಅಜ್ಜಿ ಕೈಯಲ್ಲಿದ್ದ ಸೂಜಿಯನ್ನು ಡಬ್ಬಿಯೊಳಗೆ ಇಟ್ಟರು.

"ಹೆಬ್ಬೆರಳಲ್ಲಿ ಸೂಜಿ ನಿಲ್ತಿರ್ಲಿಲ್ಲಮ್ಮ. ಹೊಲಿಗೆ ಹಾಕಿದ್ರೆ ಎಲ್ಲೋ ಹೋಗೋದು. ಡಾಕ್ಟ್ರು ಸರಿ ಹೋಗುತ್ತೆ ಅಂದ್ರು. ಆದ್ರೆ... ಸರಿ ಹೋಗ್ದೇ ಇದ್ರೆ? ನಂಗೆ ಬೇರೇನ್ ಬರುತ್ತೆ ಹೇಳು? ಅದಕ್ಕೇ ನಾಲ್ಕು ಹೊಲಿಗೆ ಹಾಕಿ ನೋಡ್ಕೋತಿದ್ದೆ. ಹೆದ್ರಿಕೆ ಆಗೋದು."

ಲಾವಣ್ಯ ಅಳುವುದನ್ನು ನಿಲ್ಲಿಸಿದಳು. ಅತ್ತೆಗೆ ಹೆದರಿಕೆಯೇ? ಬಸ್ಸಿನ ಕಂಡಕ್ಟರ್ ಜೊತೆ ಜಗಳ ಆಡುವ, ಗುರುತಿಲ್ಲದವರ ಮನೆ ಮುಂದೆ ಹೋಗಿ ನಿಲ್ಲುವ ಅತ್ತೆಗೆ? ಡಬ್ಬಿಯಲ್ಲಿದ್ದ ಚೂರುಗಳನ್ನು ನೋಡಿದಳು. ಆ ಸೊಟ್ಟ ಹೊಲಿಗೆಗಳು ಅವಸರದವಲ್ಲ. ಅತ್ತೆಗೆ ಅಷ್ಟೇ ಬರುತ್ತಿತ್ತು. ಬೆಳಗಿನಿಂದ ತಾನು ಅಂದದ್ದೆಲ್ಲ ಅವಳಿಗೆ ನೆನಪಾಯಿತು.

ಅಜ್ಜಿ ಮಗಳ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ಮೆಲ್ಲಗೆ ಸವರಿದರು. ಆಮೇಲೆ, "ನಿಂತು ಏನ್ ನೋಡ್ತೀರ? ಬ್ಲೀಚಿಂಗ್ ನೀರಲ್ಲಿ ಕೈಕಾಲು ತೊಳ್ಕೊಂಡು ಬನ್ನಿ ಇಬ್ರೂ. ಹುಳ ಯಾರಿಗೂ ಕಾಯಲ್ಲ," ಎಂದರು.

ಹುಳದ ಮನೆಯೊಳಗೆ ಎಲ್ಲರೂ ಹುಳು ಮೇಯುವ ದೊಡ್ಡ ಬಿದಿರ ತಟ್ಟೆಗಳ ಮೇಲೆ ಬಗ್ಗಿ ಆರಿಸುತ್ತಿದ್ದರು. ದಿನವೂ ಸೊಪ್ಪು ತಿನ್ನುವ ಚರಚರ ಸದ್ದು ತುಂಬಿರುತ್ತಿದ್ದ ಮನೆಯಲ್ಲಿ ಇವತ್ತು ಸದ್ದೇ ಕಡಿಮೆ. ಸುಮಾರು ಹುಳುಗಳು ತಲೆ ಎತ್ತಿ ಆಕಡೆ ಈಕಡೆ ಆಡಿಸುತ್ತಿದ್ದವು. ಅಪ್ಪ, ಅಮ್ಮ ತಲೆ ಎತ್ತುತ್ತಲೇ ಇರಲಿಲ್ಲ. ಚಿರಂಜೀವಿ ಆಗಲೇ ಎರಡು ಚಂದ್ರಿಕೆ ಮುಗಿಸಿದ್ದ.

ಅಜ್ಜಿ ಒಂದು ಖಾಲಿ ಚಂದ್ರಿಕೆಯನ್ನು ಲಾವಣ್ಯಳ ಮುಂದೆ ಒರಗಿಸಿದರು. "ಮೊದ್ಲು ಐದು ಆರ್ಸಿ ನಂಗೆ ತೋರ್ಸು."

ಲಾವಣ್ಯ ಗಡಿಬಿಡಿಯಲ್ಲಿ ಐದು ಹುಳು ಆರಿಸಿ ಅಂಗೈಯಲ್ಲಿಟ್ಟು ತೋರಿಸಿದಳು. ಅಜ್ಜಿ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

"ಮೂರು ಹಸಿ. ಮತ್ತೆ ದಪ್ಪದ್ದನ್ನೇ ಆರಿಸ್ದೇನಮ್ಮ? ನನಗೆ ಇವತ್ತು ಕಲಿಸ್ಕೊಡೋಕೆ ಪುರುಸೊತ್ತಿಲ್ಲ."

ಆಚೆ ತಟ್ಟೆಯ ಹಿಂದಿನಿಂದ, "ಹಸಿ ಹುಳಾ..." ಎಂದು ಸಣ್ಣಗೆ ರಾಗ ಬಂತು.

ಲಾವಣ್ಯಳ ಕಿವಿ ಬಿಸಿಯಾಯಿತು. ಇನ್ನೇನು ಅಜ್ಜಿ ಚಂದ್ರಿಕೆ ಎತ್ತಿಕೊಳ್ಳಬೇಕು, ಅಷ್ಟರಲ್ಲಿ ಅತ್ತೆ ಅವಳ ಹಿಂದೆ ಬಂದು ಬಗ್ಗಿದಳು.

"ದಪ್ಪ ನೋಡ್ಬೇಡ ಲಾವಿ. ಹಣ್ಣಾಗಿರೋದು ಸ್ವಲ್ಪ ಕುಗ್ಗಿದೆ ನೋಡು. ಕೋನಪ್ಪನ ದ್ರಾಕ್ಷಿ ನೆನಪಿದ್ಯಾ?"

ಲಾವಣ್ಯ ಒಂದು ಹುಳುವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಸುಣ್ಣದ ಹಾಗೆ ಮಂಕು. ಇದು ಕಾಯಿ. ಇನ್ನೊಂದನ್ನು ಹಿಡಿದಳು. ಕತ್ತಿನ ಹತ್ತಿರ ಬೆಳಕು ಒಳಗೆ ಹೋಗಿತ್ತು. ಮೈಯೊಳಗೆಲ್ಲ ಜೇನು ಬಣ್ಣ. ಅಯ್ಯೋ, ಇಷ್ಟು ಚೆನ್ನಾಗಿ ಕಾಣುವುದನ್ನು ಹೋದ ಸಲ ನೋಡದೇ ಹೋದೆನಲ್ಲ ಎನಿಸಿತು.

"ಇದು!"

"ಹೂಂ. ಅದರ ಪಕ್ಕದ್ದೂ ಹಣ್ಣೇ. ಅಲ್ನೋಡು, ಸೊಪ್ಪಿನ ಅಡೀಲಿ ಒಂದಿದೆ," ಎನ್ನುತ್ತಾ ಅತ್ತೆ ತಾನೇ ಕೈ ಹಾಕಿದಳು. ಹೆಬ್ಬೆರಳು ಮಡಚಲಿಲ್ಲ. ಹುಳು ಜಾರಿತು. ಅತ್ತೆಯ ಮುಖ ಸಪ್ಪಗಾಯಿತು. ಅದು ನೆಲಕ್ಕೆ ಬೀಳುವ ಮೊದಲೇ ಲಾವಣ್ಯ ಅಂಗೈಯಲ್ಲಿ ಹಿಡಿದಳು.

"ನೀನು ಮುಟ್ಬೇಡ ಅತ್ತೆ. ತೋರ್ಸು. ನಾನು ಎತ್ತೀನಿ."

ಅತ್ತೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಆಮೇಲೆ ಅವಳ ಕಣ್ಣು ಕೆಲಸ ಶುರು ಮಾಡಿತು. ಅಬ್ಬಬ್ಬ, ಅದೇನು ಕಣ್ಣು! "ಬಲಗಡೆ. ಅಲ್ಲ, ಅದು ನಾಳೆಗೆ. ಅದರ ಹಿಂದಿನದು. ಎರಡು, ಮೂರು. ಆ ಕಡ್ಡಿ ಮೇಲೆ ಒಂದು." ಒಂದು ಬಿಳಿಗೂ ಇನ್ನೊಂದು ಬಿಳಿಗೂ ಇರುವ ಕೂದಲೆಳೆಯಷ್ಟು ವ್ಯತ್ಯಾಸ ಅವಳಿಗೆ ದೂರದಿಂದಲೇ ಕಾಣುತ್ತಿತ್ತು. ಕಂಬದ ಮುಂದೆ ನಿಂತಾಗಲೂ, ಬಾಗಿಲ ಮುಂದೆ ನಿಂತಾಗಲೂ ಅವಳು ಇದನ್ನೇ ಮಾಡುತ್ತಿದ್ದಳೇನೋ ಎಂದು ಲಾವಣ್ಯಳಿಗೆ ಅನ್ನಿಸಿತು. ಹೀಗೆ ಯೋಚಿಸುತ್ತಲೇ ಅವಳ ಬೆರಳು ಓಡುತ್ತಿತ್ತು. ಒಂದು ತಟ್ಟೆ ಮುಗಿಯುವ ಹೊತ್ತಿಗೆ ಅತ್ತೆ ಹೇಳುವ ಮೊದಲೇ ಅವಳ ಕೈ ಸರಿಯಾದ ಹುಳುವಿನ ಮೇಲೆ ಹೋಗತೊಡಗಿತು.

ಅಜ್ಜಿ ಒಮ್ಮೆ ಬಂದು ಚಂದ್ರಿಕೆಯನ್ನು ಮೇಲಿಂದ ಕೆಳಗೆ ನೋಡಿದರು. ಇನ್ನೊಂದು ಖಾಲಿ ಚಂದ್ರಿಕೆ ತಂದಿಟ್ಟು ಹೋದರು. ಅಜ್ಜಿಯ ಬಾಯಿಂದ ಹೊಗಳಿಕೆ ಬರಬೇಕಾದರೆ ಅದು ಹೀಗೆಯೇ ಬರುವುದು.

ಸ್ವಲ್ಪ ಹೊತ್ತಿನಲ್ಲಿ ಚಿರಂಜೀವಿ ಅಂಗೈ ಮುಚ್ಚಿಕೊಂಡು ಪಕ್ಕಕ್ಕೆ ಬಂದ. "ಲಾವಣ್ಯ, ಇದು ಹಣ್ಣಾ, ಹಸೀನಾ? ಡೌಟು."

ಲಾವಣ್ಯ ಅದನ್ನು ಬೆಳಕಿಗೆ ಹಿಡಿದಳು. "ಹಸಿ. ವಾಪಸ್ ಬಿಟ್ಬಿಡು, ಪಾಪ. ಇನ್ನೂ ಊಟ ಮಾಡ್ಲಿ." ಅವನು ಹೋಗಿ ಬಿಟ್ಟು ಬಂದ.

ಸಂಜೆ ಎದುರಿನ ಸ್ಕಂದಗಿರಿ ಬೆಟ್ಟದ ಮೇಲೆ ಬಿಸಿಲು ಕೆಂಪಾಗುವ ಹೊತ್ತಿಗೆ ಆ ದಿನದ ಹುಳುಗಳೆಲ್ಲ ಚಂದ್ರಿಕೆ ಸೇರಿದ್ದವು. ಅಮ್ಮ ಕಾಫಿ ಕಾಯಿಸಲು ಹೋದಳು. ಅತ್ತೆ ಜಗುಲಿಯ ಮೇಲೆ ಕೂತು ಬೆಟ್ಟ ನೋಡುತ್ತಿದ್ದಳು. ಕೈ ಮಡಿಲಲ್ಲಿತ್ತು.

ಲಾವಣ್ಯ ಬಿಸ್ಕೆಟ್ ಡಬ್ಬಿ ತಂದಳು. ಸೂಜಿಗೆ ತುಕ್ಕು ಹಿಡಿಯಬಾರದಲ್ಲ, ಅದಕ್ಕೆ ಬೆರಳ ತುದಿಗೆ ಚೂರು ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಒಂದೊಂದಾಗಿ ಒರೆಸಿದಳು. ಬಟ್ಟೆ ಚೂರುಗಳನ್ನು ಕಿತ್ತುಕೊಂಡ ದಿನದ ಪ್ರಕಾರ ಸಾಲಾಗಿ ಜಗುಲಿಯ ಮೇಲೆ ಹರಡಿದಳು. ಜೇಬಿನಲ್ಲಿ ಮುದುರಿಹೋಗಿದ್ದ ಏಳನೆಯದನ್ನು ಕೈಯಿಂದ ತೀಡಿ ಕೊನೆಗಿಟ್ಟಳು.

ಒಂದನ್ನು ನೋಡಿದಳು. ಮತ್ತೊಂದನ್ನು ನೋಡಿದಳು. ಏಳನೆಯದನ್ನು ಎತ್ತಿ, ಇಳಿಬಿಸಿಲಿಗೆ ಹಿಡಿದಳು. ಮತ್ತೆ ಮೊದಲನೆಯದನ್ನು ಅದರ ಪಕ್ಕಕ್ಕೆ ಹಿಡಿದಳು.

"ಅತ್ತೆ, ಇಲ್ಲಿ ಬಾ. ಬೆಳಕಿಗೆ ಬಾ."

"ಏನೇ?"

"ಇದು ಫಸ್ಟ್ ದಿನದ್ದು. ಎಲ್ಲಾ ಡೊಂಕು. ಇದು ಇವತ್ತಿಂದು. ಇದ್ರಲ್ಲಿ ಐದು ಹೊಲಿಗೆ ಇದೆ. ಕೊನೇ ಎರಡು ನೋಡು. ಸರಿಯಾಗಿ ನೋಡು!"

ಅತ್ತೆ ಆ ಚೂರನ್ನು ಎಡಗೈಯಲ್ಲಿ ತೆಗೆದುಕೊಂಡಳು. ಕಲ್ಲಿನ ಕಂಬವನ್ನು ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ನೋಡಿದಳು. ಕೊನೆಯ ಎರಡು ಹೊಲಿಗೆ ಸ್ಕೇಲ್ ಇಟ್ಟಷ್ಟು ಅಲ್ಲದಿದ್ದರೂ ನೇರವಾಗಿದ್ದವು. ಅವಳ ಕಣ್ಣು ತುಂಬಿಕೊಂಡಿತು.

"ಹೌದಲ್ವಾ!" ಎಂದಳು. "ನಾನೇ ನೋಡಿರ್ಲಿಲ್ಲ ಕಣೇ."

"ನೋಡೋಕೆ ನಾನೆಲ್ಲಿ ಬಿಟ್ಟೆ? ಕಿತ್ಕೊಂಡ್ನಲ್ಲ."

ಅತ್ತೆ ಅಳುತ್ತಲೇ ನಕ್ಕಳು. ಅವಳ ಕೈ ಮೆಲ್ಲಗೆ ಡಬ್ಬಿಯ ಕಡೆ ಸರಿಯಿತು. ಲಾವಣ್ಯ ಪಟ್ಟನೆ ಮುಚ್ಚಳ ಮುಚ್ಚಿದಳು.

"ಇನ್ನೂ ನಾಲ್ಕು ದಿನ ಇದೆ," ಎಂದು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಅತ್ತೆಗೆ ಒತ್ತಿಕೊಂಡು ಕೂತಳು. ಎದುರಿಗೆ ಬೆಟ್ಟವಿತ್ತು. ಮೇಲೆ ಬಿಸಿಲು ಬಿದ್ದ ಕಡೆ ಒಂದು ಬಣ್ಣ, ನೆರಳಲ್ಲಿ ಇನ್ನೊಂದು, ಕೆಳಗೆ ಗಿಡಗಳ ಹತ್ತಿರ ಮತ್ತೊಂದು. ಎಣಿಸುತ್ತಾ ಎಣಿಸುತ್ತಾ ಅವಳು ಕೇಳಿದಳು.

"ಹುಳದ ಕೆಲ್ಸ ಮುಗಿದ್ಮೇಲೆ ಎಲ್ಲಿಗೆ ಹೋಗಣ ಅತ್ತೆ?"